ಹೊರಟಲ್ಲಿಗೇ ಬಂದು ನಿಲ್ಲುವ ಓಟ

ಒಂಬತ್ತನೇ ತರಗತಿಯಲ್ಲಿ ಚಲನೆಯ ಪಾಠ ಮಾಡುವಾಗಲೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಒಬ್ಬ ಹುಡುಗ ಶಾಲೆಯ ಗೇಟಿನಿಂದ ಓಡಲು ಶುರು ಮಾಡಿದ. ಊರ ಹಿಂದಿನ ಗುಡ್ಡದ ತುದಿ ಮುಟ್ಟಿದ. ಇನ್ನೊಂದು ದಾರಿಯಲ್ಲಿ ಇಳಿದು ಮತ್ತೆ ಅದೇ ಗೇಟಿಗೆ ಬಂದು ನಿಂತ. ಒಟ್ಟು ಓಡಿದ ದೂರ 5 ಕಿಲೋಮೀಟರ್. ಹಾಗಾದರೆ ಅವನ ಸ್ಥಾನಪಲ್ಲಟ ಎಷ್ಟು? ಮುಂದಿನ ಬೆಂಚಿನ ಜಾಣರು ಕೂಡಲೇ ಕೈ ಎತ್ತುತ್ತಾರೆ: 'ಸೊನ್ನೆ ಸರ್!'

ಉತ್ತರ ಸರಿ, ಪೂರ್ತಿ ಅಂಕ. ಆದರೆ ಇದೇ ಪ್ರಶ್ನೆಯನ್ನು ಒಬ್ಬ ರೈತ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ನನಗೆ ಕೇಳಿದಾಗ, ಬಿ.ಎಸ್ಸಿ., ಬಿ.ಇಡಿ. ಓದಿದ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಈ ವಾರ ಆ ಕಥೆಯನ್ನೂ, ತಡವಾಗಿ ಹೊಳೆದ ಅದರ ಉತ್ತರವನ್ನೂ ನಿಮ್ಮ ಮುಂದಿಡುತ್ತೇನೆ. ಪಾಲಕರೂ ಓದಬೇಕೆಂದು ವಿನಂತಿ.

1999ನೇ ಇಸವಿ. ನಾನಾಗ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ನೌಕರಿಗೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ, ಹುರುಪು ಬಹಳ. ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ಅವರು 'ರಾಮನ್ ಪರಿಣಾಮ'ವನ್ನು ಕಂಡುಹಿಡಿದ ದಿನದ ನೆನಪಿಗೆ 1987ರಿಂದ ದೇಶದಾದ್ಯಂತ ಅದನ್ನು ಆಚರಿಸುತ್ತ ಬಂದಿದ್ದಾರೆ. ಭಾಷಣ, ಪ್ರಬಂಧ ಎಲ್ಲರೂ ಮಾಡುತ್ತಾರೆ, ನಾವು ಬೇರೆ ಏನಾದರೂ ಮಾಡೋಣವೆಂದು ನನಗೆ ಅನಿಸಿತು. ಹುಡುಗರು ಗುಡ್ಡ ಹತ್ತಿ ಇಳಿದು ಬರಬೇಕು, ಹೊರಡುವ ಮೊದಲು ಮತ್ತು ಬಂದ ಮೇಲೆ ತಮ್ಮ ನಾಡಿ ಎಣಿಸಿ ಬರೆಯಬೇಕು. ಹೀಗೆ ಒಂದು ಓಟವನ್ನು ಗೊತ್ತು ಮಾಡಿದೆ.

ದಾರಿ ಚೆನ್ನಾಗಿತ್ತು. ಶಾಲೆ ಬಿಟ್ಟು ಹಳ್ಳ ದಾಟಿದರೆ ಹುಣಸೆ, ಬೇವಿನ ಮರಗಳ ತೋಪು. ಅಲ್ಲಿಂದ ಏರು ಶುರು. ಸೀತಾಫಲ, ಬಾರಿ, ಬಂದರಿಕೆ ಗಿಡಗಳ ಕುರುಚಲು ಕಾಡಿನಲ್ಲಿ ದನ ಕಾಯುವವರು ಮಾಡಿಕೊಂಡ ಕಾಲುದಾರಿ. ಅದು ಮುಗಿದರೆ ಊರಿನ ಗಾಯರಾಣ. ಬಟಾಬಯಲು, ಒಣಗಿ ಹಳದಿಯಾದ ಹುಲ್ಲು, ನಡುನಡುವೆ ಪರಸಿ ಹಾಸಿದಂತೆ ನೆಲಕ್ಕೆ ಅಂಟಿದ ಬಂಡೆ. ಕೊನೆಗೆ ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳು. ಅವುಗಳ ತುದಿಯಲ್ಲಿ ಒಂದು ಹನುಮಪ್ಪನ ಕಲ್ಲು. ಇಳಿಯುವಾಗ ಗುಡ್ಡದ ಬೆನ್ನ ಕಡೆಯ ಬಂಡಿ ದಾರಿ ಹಿಡಿದು, ತೊಗರಿ ಮತ್ತು ಹತ್ತಿ ಹೊಲಗಳ ಬದುವಿನ ಮೇಲೆ ಬಂದರೆ ಮತ್ತೆ ಶಾಲೆ. ಗುಡ್ಡದ ಎತ್ತರ ಸುಮಾರು 90 ಮೀಟರ್.

ಬೆಳಗ್ಗೆ 7 ಗಂಟೆಗೆ ಓಟ ಎಂದು ನೋಟಿಸು ಹಾಕಿದ್ದೆ. ಆದರೆ ಅತಿಥಿಗಳು ಬರುವುದು ತಡವಾಯಿತು. ಬಂದ ಮೇಲೆ ಪ್ರಾರ್ಥನೆ, ಸ್ವಾಗತ, ಹಾರ, ಭಾಷಣ. ನಾನು ಹಸಿರು ಬಾವುಟ ಬೀಸಿದಾಗ 11 ಗಂಟೆ ದಾಟಿತ್ತು. ಹುಡುಗರು ಬೆಳಗ್ಗೆಯಿಂದ ಬಿಸಿಲಲ್ಲಿ ಸಾಲು ನಿಂತಿದ್ದರು, ನೀರು ಕುಡಿದವರು ಕಡಿಮೆ. 'ಇವತ್ತು ಬೇಡ, ನಾಳೆ ಬೆಳಗ್ಗೆ ಓಡೋಣ' ಎಂದು ಹೇಳುವ ಅಧಿಕಾರ ನನಗಿತ್ತು. ಅತಿಥಿಗಳ ಮುಂದೆ ಕಾರ್ಯಕ್ರಮ ಕೆಡುತ್ತದೆಂದು ಹೇಳಲಿಲ್ಲ. ತಪ್ಪು ನನ್ನದೇ.

ತುದಿಗೆ ಎರಡನೆಯವನಾಗಿ ಮುಟ್ಟಿದ ಹುಡುಗ ಒಂಬತ್ತನೇ ತರಗತಿಯವನು, ತೆಳ್ಳಗಿನ ಮೈ. ಇಳಿಯುವಾಗ ಅವನ ಹೆಜ್ಜೆ ತಪ್ಪತೊಡಗಿತು. ಜೊತೆಯವನು ಹೆಸರು ಹಿಡಿದು ಕೂಗಿದರೆ ಸಂಬಂಧವಿಲ್ಲದ ಮಾತು ಆಡಿದನಂತೆ. ಬಂಡಿ ದಾರಿಯಲ್ಲಿ ಕುಸಿದು ಕುಳಿತ. ನಾವು ಓಡಿಹೋಗಿ ಮುಟ್ಟಿದರೆ ಮೈ ಕೆಂಡ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ತಮ್ಮ ಕೊಡದ ನೀರನ್ನು ಅವನ ಮೇಲೆ ಸುರಿದರು, ಒದ್ದೆ ಸೆರಗಿನಿಂದ ಗಾಳಿ ಹಾಕಿದರು. ಅವನ ಜೀವ ಉಳಿಸಿದ್ದು ಅದೇ ಎಂದು ಡಾಕ್ಟರು ಆಮೇಲೆ ಹೇಳಿದರು. ಹತ್ತಿ ತುಂಬುವ ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಸಂಜೆಯ ಹೊತ್ತಿಗೆ ಹುಡುಗ ಕಣ್ಣು ಬಿಟ್ಟು ಅವ್ವನನ್ನು ಕೇಳಿದ.

ಅವನ ತಂದೆ ನನ್ನ ಮೇಲೆ ಕೂಗಾಡಲಿಲ್ಲ. ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಇಷ್ಟೇ ಕೇಳಿದರು: "ಸರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೊಂಟಲ್ಲಿಗೇ ಬಂದು ನಿಂದ್ರೂದಾದ್ರ, ಅಷ್ಟು ಓಡಿ ಏನ್ ಬಂತ್ರಿ?"

ವಿದ್ಯಾರ್ಥಿಗಳೇ, ಈ ಪ್ರಶ್ನೆಯನ್ನು ಅಲ್ಲಗಳೆಯಬೇಡಿ. ಭೌತಶಾಸ್ತ್ರ ಕೇಳುವ ಪ್ರಶ್ನೆಯೂ ಇದೇ. ನಮ್ಮ ಹುಡುಗನ ತೂಕ 40 ಕೆ.ಜಿ. ಎಂದಿಟ್ಟುಕೊಳ್ಳೋಣ. 90 ಮೀಟರ್ ಏರಿದಾಗ ಅವನು ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಮಾಡಿದ ಕೆಲಸ 40 × 10 × 90, ಅಂದರೆ 36,000 ಜೂಲ್. ತುದಿಯಲ್ಲಿ ನಿಂತಾಗ ಇಷ್ಟು ಪ್ರಚ್ಛನ್ನ ಶಕ್ತಿ ಅವನಲ್ಲಿತ್ತು. ಇಳಿದು ಬಂದ ಮೇಲೆ ಅದೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಜಮಾ ಸೊನ್ನೆ.

ಆದರೆ ಖರ್ಚು ಸೊನ್ನೆಯಲ್ಲ. ಓಡುವಾಗ ನಮ್ಮ ದೇಹ ಪ್ರತಿ ಕಿಲೋಮೀಟರಿಗೆ, ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 4.2 ಕಿಲೋಜೂಲ್ ಶಕ್ತಿ ಸುಡುತ್ತದೆ. 5 ಕಿಲೋಮೀಟರಿಗೆ 840 ಕಿಲೋಜೂಲ್ ಆಯಿತು. ಏರಿನ ಶ್ರಮ ಸೇರಿಸಿದರೆ ಹೆಚ್ಚೂಕಡಿಮೆ 900. ಸುಮಾರು 60 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಇರುವ ಶಕ್ತಿ ಇಷ್ಟೇ. ಆ ರೊಟ್ಟಿ ಎಲ್ಲಿ ಹೋಯಿತು? ಶಕ್ತಿ ನಾಶವಾಗುವುದಿಲ್ಲವೆಂದು ನೀವು ಬಾಯಿಪಾಠ ಮಾಡಿದ್ದೀರಿ. ಗುಡ್ಡದ ಮೇಲೆ ಅದು ಉಳಿಯಲಿಲ್ಲ, ಗೇಟಿನ ಹತ್ತಿರವೂ ಇಲ್ಲ. ಹೊರಟಲ್ಲಿಗೇ ಬಂದು ನಿಂತ ಓಟದಲ್ಲಿ ರೊಟ್ಟಿಯ ಶಕ್ತಿಯೆಲ್ಲ ಕೊನೆಗೆ ಒಂದೇ ರೂಪ ತಾಳುತ್ತದೆ, ಅದು ಶಾಖ.

ಆ ಶಾಖ ಮೈಯಲ್ಲೇ ನಿಂತರೆ ಏನಾಗುತ್ತದೆ? ಮನುಷ್ಯನ ದೇಹದ ಒಂದು ಕಿಲೋಗ್ರಾಮನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 3.5 ಕಿಲೋಜೂಲ್ ಬೇಕು. 40 ಕೆ.ಜಿ.ಯ ಹುಡುಗನಿಗೆ 140. ಈಗ 900ನ್ನು 140ರಿಂದ ಭಾಗಿಸಿರಿ. ಆರು ಡಿಗ್ರಿಗೂ ಹೆಚ್ಚು. 37 ಡಿಗ್ರಿಯ ಮೈ 43 ದಾಟಬೇಕು. 40 ಡಿಗ್ರಿ ಮೀರಿದರೆ ಮೆದುಳು ತಬ್ಬಿಬ್ಬಾಗುತ್ತದೆ, ಮಾತು ತಪ್ಪುತ್ತದೆ, ಹೆಜ್ಜೆ ತಪ್ಪುತ್ತದೆ. ಬಿಸಿಲಾಘಾತ ಎನ್ನುವುದು ಇದಕ್ಕೇ.

ನಾವು ಓಡಿಯೂ ಬದುಕುವುದು ಬೆವರಿನ ಕೃಪೆಯಿಂದ. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 2.4 ಕಿಲೋಜೂಲ್ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಗುಪ್ತೋಷ್ಣದ ಪಾಠ ನೆನಪಿದೆಯಲ್ಲ? ನಮ್ಮ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಹೇಗೋ ಇದೂ ಹಾಗೆಯೇ. 900 ಕಿಲೋಜೂಲ್ ಕಳೆಯಲು 375 ಗ್ರಾಂ ಬೆವರು, ಅಂದರೆ ಎರಡು ಲೋಟಕ್ಕೆ ಹತ್ತಿರ ನೀರು, ಪೂರ್ತಿ ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ್ದು ಲೆಕ್ಕಕ್ಕಿಲ್ಲ. ಜೊತೆಗೆ ಬಿಸಿಲು ಮೈಗೆ ತುಂಬುವ ಶಾಖವನ್ನೂ ಕಳೆಯಬೇಕಲ್ಲ, ಆದ್ದರಿಂದ ನಿಜವಾಗಿ ಬೇಕಾಗುವುದು ಇನ್ನೂ ಹೆಚ್ಚು. ನೀರು ಕುಡಿಯದೆ ಸಾಲು ನಿಂತ ಹುಡುಗನ ಮೈ ಅದನ್ನು ಎಲ್ಲಿಂದ ತಂದೀತು?

ನಮ್ಮ ರಾಯಚೂರು ಸೀಮೆಯಲ್ಲಿ ಇನ್ನೊಂದು ಮೋಸವಿದೆ. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಅದೂ ಒಂದಷ್ಟು ಶಾಖ ಒಯ್ಯುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಬೇಸಿಗೆಯಲ್ಲಿ ನಮ್ಮ ಗಾಳಿ 40 ದಾಟುತ್ತದೆ. ಆಗ ಗಾಳಿಯೇ ಮೈಗೆ ಶಾಖ ಕೊಡುತ್ತದೆ, ಬೆವರೊಂದೇ ದಿಕ್ಕು. ಗಾಳಿ ಒಣಗಿರುವುದರಿಂದ ಬೆವರು ಹುಟ್ಟಿದ ಕೂಡಲೇ ಆರುತ್ತದೆ. 'ನನಗೇನೂ ಬೆವರು ಬಂದಿಲ್ಲ' ಎಂದು ಹುಡುಗ ಹೇಳುತ್ತಿರುವಾಗಲೇ ಅವನ ಮೈಯ ನೀರು ಹೋಗಿರುತ್ತದೆ.

ಗುಡ್ಡದ ರಚನೆಯೂ ಓಡುವವನಿಗೆ ಸಹಾಯ ಮಾಡುವುದಿಲ್ಲ. ಮಳೆನೀರು ಮಣ್ಣನ್ನು ಕೆಳಕ್ಕೆ ಎಳೆದು ತಂದಿರುತ್ತದೆ. ಹೀಗಾಗಿ ಬುಡದಲ್ಲಿ ಮಣ್ಣು ಆಳ, ದೊಡ್ಡ ಮರ. ನಡುವೆ ಗೇಣುದ್ದ ಮಣ್ಣು, ಕುರುಚಲು ಗಿಡ. ಅದರ ಮೇಲೆ ಬೆರಳುದ್ದ ಮಣ್ಣು, ಬರೀ ಹುಲ್ಲು. ತುದಿಯಲ್ಲಿ ಮಣ್ಣೇ ಇಲ್ಲ, ಗ್ರಾನೈಟ್. ಬಿರುಕುಗಳಲ್ಲಿ ನೀರು ಇಳಿದು, ಬಂಡೆಯ ಮೂಲೆಗಳು ಸವೆದು, ಸಿಪ್ಪೆ ಸುಲಿದಂತೆ ಪದರ ಪದರವಾಗಿ ಕಳಚಿ ಗುಂಡಾದ ಕಲ್ಲುಗಳು ಅವು. ನಡುಹಗಲಿಗೆ ಕಾದ ಹಂಚು. ಏರು ಕಡಿದಾಗುತ್ತ ಹೋದಂತೆ ನೆರಳು ಕಡಿಮೆಯಾಗುತ್ತ ಹೋಗುತ್ತದೆ. ಮೈ ಹೆಚ್ಚು ಶಾಖ ಹುಟ್ಟಿಸುವ ಜಾಗವೇ ಹೆಚ್ಚು ಶಾಖ ಕೊಡುವ ಜಾಗ. ಇದನ್ನೆಲ್ಲ ನಾನು ಬಲ್ಲೆ, ಪರೀಕ್ಷೆಗೆ ಬರೆದು ಪಾಸಾಗಿದ್ದೆ. ಬಾವುಟ ಬೀಸುವಾಗ ನೆನಪಾಗಲಿಲ್ಲ.

ಇಂಥ ಓಟ ನಾನು ಹೊಸದಾಗಿ ಹುಟ್ಟಿಸಿದ್ದೇನಲ್ಲ. ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿರುವ ಗ್ರಾಸ್‌ಮಿಯರ್ ಎಂಬ ಊರಿನಲ್ಲಿ 1868ರಿಂದ ಗುಡ್ಡ ಹತ್ತಿ ಇಳಿಯುವ ಪಂದ್ಯ ಪ್ರಸಿದ್ಧ. 'ಫೆಲ್ ರನ್ನಿಂಗ್' ಎಂದು ಅದರ ಹೆಸರು. ಅಲ್ಲಿಯೂ ಕಾಡು, ಅದರ ಮೇಲೆ ಬೋಳು ಬಯಲು, ತುದಿಯಲ್ಲಿ ಕಲ್ಲು. ಆದರೆ ಅಲ್ಲಿಯ ಭಯ ಚಳಿ. ಮಂಜು ಕವಿದು ದಾರಿ ತಪ್ಪಿ ಮೈ ಹೆಪ್ಪುಗಟ್ಟೀತೆಂದು ದೂರದ ಓಟಗಳಲ್ಲಿ ಮಳೆ ತಡೆಯುವ ಅಂಗಿ, ನಕ್ಷೆ, ದಿಕ್ಸೂಚಿ, ಸೀಟಿ ಇಲ್ಲದವರನ್ನು ಸಾಲಿಗೇ ನಿಲ್ಲಿಸುವುದಿಲ್ಲ. ನಮ್ಮಲ್ಲಿ ಭಯ ಬಿಸಿಲು. ಹಾಗಾದರೆ ನೀರಿಲ್ಲದವರನ್ನು, ಹೊತ್ತು ಮೀರಿದ ಮೇಲೆ ಯಾರನ್ನೂ, ನಾವು ಸಾಲಿಗೆ ನಿಲ್ಲಿಸಬಾರದಲ್ಲವೆ? ಎರಡೂ ಕಡೆ ನಿಯಮ ಹುಟ್ಟುವುದು ಒಂದೇ ತಿಳಿವಳಿಕೆಯಿಂದ: ತುದಿ ಎಂದರೆ ಅರ್ಧ ದಾರಿ ಮಾತ್ರ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಖರ್ಚೆಲ್ಲ ಶಾಖವಾದರೆ ಓಡಿ ಬಂದದ್ದೇನು?

ರಾಯಚೂರಿನ ಕೋಟೆ ನೋಡಿದವರಿಗೆ ಒಳಕೋಟೆಯ ಗೋಡೆಯಲ್ಲಿರುವ ಭಾರೀ ಕಲ್ಲು ಗೊತ್ತು. 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದನೆಂದು ತಿಳಿಸುವ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಕೆತ್ತಿದ್ದಾರೆ. ಆ ಕೋಣಗಳೂ ಆಳುಗಳೂ ಕಲ್ಲನ್ನು ಎತ್ತರಕ್ಕೆ ಏರಿಸಿ ಮಾಡಿದ ಕೆಲಸ ಪ್ರಚ್ಛನ್ನ ಶಕ್ತಿಯಾಗಿ ಇಂದಿಗೂ ಗೋಡೆಯಲ್ಲಿ ಕುಳಿತಿದೆ, ಏಳು ನೂರು ವರ್ಷ ದಾಟಿದರೂ ಖರ್ಚಾಗಿಲ್ಲ. ಕಲ್ಲು ಇಳಿದು ಬರಲಿಲ್ಲ. ಓಡುವವನು ಇಳಿದು ಬರುತ್ತಾನೆ, ಅವನ ಗಳಿಕೆ ಗುಡ್ಡದ ಮೇಲೆ ಉಳಿಯುವುದಿಲ್ಲ. ಅದನ್ನು ಅವನ ಮೈಯೊಳಗೆ ಹುಡುಕಬೇಕು.

ವಾರಕ್ಕೆ ಮೂರು ನಾಲ್ಕು ದಿನ, ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ, ಕೆಲವು ವಾರ ಓಡಿದವರ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ನೂಕುವಷ್ಟು ಬಲಿಯುತ್ತದೆ. ಹಾಗಾಗಿ ಸುಮ್ಮನೆ ಕುಳಿತಾಗಿನ ನಾಡಿ ಬಡಿತ ಕಡಿಮೆಯಾಗುತ್ತದೆ. ಸ್ನಾಯುವಿನ ಜೀವಕೋಶಗಳಲ್ಲಿ ಆಹಾರ ಸುಡುವ ಒಲೆಗಳು, ಅಂದರೆ ಮೈಟೊಕಾಂಡ್ರಿಯಾಗಳು, ಹೆಚ್ಚುತ್ತವೆ. ಮೂಳೆ ಗಟ್ಟಿಯಾಗುತ್ತದೆ. ಬಿಸಿಲಿಗೂ ಮೈ ಪಳಗುತ್ತದೆ. ಎರಡು ವಾರ ನಿಧಾನವಾಗಿ ರೂಢಿ ಮಾಡಿಕೊಂಡರೆ ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಇದೇ ಜಮಾ. ಆದರೆ ಒಂದೇ ದಿನದಲ್ಲಿ, ಅತಿಥಿಗಳ ಮುಂದೆ, ನಡುಹಗಲಿನಲ್ಲಿ ಇದು ಸಿಗುವುದಿಲ್ಲ.

ನಿಮ್ಮ ಊರಲ್ಲೂ ಒಂದು ಗುಡ್ಡ ಇದ್ದೇ ಇರುತ್ತದೆ. ಈ ಸುತ್ತು ಹಾಕಬೇಕೆಂದರೆ ಮಾಗಿಯ ದಿನಗಳಲ್ಲಿ ಶುರು ಮಾಡಿ, ಬೆಳಕು ಹರಿದ ಕೂಡಲೇ ಹೊರಡಿ. ಕತ್ತಲಲ್ಲಿ ಬೇಡ, ನಮ್ಮ ಕಲ್ಲುಗುಡ್ಡಗಳು ಮಂಡಲದ ಹಾವಿನ ತವರು. ಕಾಣದ ಸಂದಿಗೆ ಕೈ ಹಾಕಬೇಡಿ. ಮೊದಲ ವಾರ ಬರೀ ನಡೆಯಿರಿ. ವೇಳೆಯ ಅಂದಾಜಿಗೆ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರವಿದೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಸುತ್ತಿಗೆ 60 ನಿಮಿಷ, 90 ಮೀಟರ್ ಏರಿಗೆ 9 ನಿಮಿಷ, ಒಟ್ಟು 69 ನಿಮಿಷ. ಇದು ಗಟ್ಟಿ ಕಾಲಿನ ವಯಸ್ಕರು ನಿಲ್ಲದೆ ನಡೆಯುವ ಲೆಕ್ಕ. ಮಕ್ಕಳಿಗೆ ಅರ್ಧ ಗಂಟೆ ಕೂಡಿಸಿ, ಬಿಸಿಲೇರುವ ಮೊದಲು ಮನೆಯಲ್ಲಿರುವಂತೆ ಹೊರಡುವ ವೇಳೆ ಗೊತ್ತು ಮಾಡಿ. ಅರ್ಧ ವೇಳೆ ಕಳೆದರೂ ತುದಿ ಬಂದಿಲ್ಲವೆಂದರೆ ಅಲ್ಲಿಂದಲೇ ಹಿಂದಿರುಗಿ. ಗುಡ್ಡ ನಾಳೆಯೂ ಇರುತ್ತದೆ.

ಪಾಲಕರಿಗೆ ಎರಡು ಮಾತು. ಹೊರಡುವ ಮೊದಲು ನೀರು ಕುಡಿಸಿ, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಒಬ್ಬರನ್ನೇ ಕಳಿಸಬೇಡಿ. ಜ್ವರ, ಭೇದಿ ಇದ್ದ ದಿನ ಬೇಡವೇ ಬೇಡ. ಓಡುವ ಮಗು ತಲೆನೋವು, ವಾಕರಿಕೆ, ಕಾಲುಸೆಳೆತ ಎಂದರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ತನ್ನಿ. ಮಾತು ತಪ್ಪಿದರೆ, ತೂರಾಡಿದರೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಇನ್ನು, 'ಹೆಣ್ಣುಮಗು ಗುಡ್ಡ ಹತ್ತೂದು ಯಾಕ್ರಿ?' ಎಂದು ಮಾನ್ವಿಯಲ್ಲಿ ಒಬ್ಬರು ನನ್ನನ್ನು ಕೇಳಿದ್ದರು. ಹೃದಯ, ಮೂಳೆ ಅವಳಿಗೂ ಇವೆಯಲ್ಲ ಎಂದಷ್ಟೇ ಹೇಳಿದೆ.

ಆಸ್ಪತ್ರೆಯ ಕಟ್ಟೆಯ ಮೇಲೆ ಇದ್ಯಾವುದನ್ನೂ ನಾನು ಹೇಳಲಿಲ್ಲ. 'ತಪ್ಪಾಯ್ತು ಯಜಮಾನ್ರ' ಎಂದೆ. ಮುಂದೆ ನನಗೆ ವರ್ಗವಾಯಿತು, ಆ ಊರು ಬಿಟ್ಟೆ.

ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ಭಾನುವಾರ, ರಾಯಚೂರಿನ ಕೋಟೆ ಬೆಟ್ಟದ ಬುಡದಲ್ಲಿ ಯಾರೋ 'ಸರ್' ಎಂದು ಕೂಗಿದರು. ನಡುವಯಸ್ಸಿಗೆ ಬಂದ ಗಂಡಸು, ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಅದೇ ಹುಡುಗ! ಈಗ ನಗರದಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆಯಂತೆ. ಮಗಳು ಎಂಟನೇ ತರಗತಿ. ರಜೆಯ ದಿನ ಅಪ್ಪ ಮಗಳು ಮಾವಿನಕೆರೆಯ ಕಡೆಯಿಂದ ಓಡಿಬಂದು, ಬಾಲಾ ಹಿಸ್ಸಾರಿನ ತನಕ ಹತ್ತಿ ಇಳಿಯುತ್ತಾರಂತೆ. ಬೆಟ್ಟ ಹೆಚ್ಚೂಕಡಿಮೆ ನಮ್ಮ ಹಳ್ಳಿಯ ಗುಡ್ಡದಷ್ಟೇ ಎತ್ತರ. ಅವತ್ತು ಕಾಲು ಉಳುಕಿದ್ದರಿಂದ ಅವನು ಕೆಳಗೇ ನಿಂತಿದ್ದ, ಮಗಳು ಗೆಳತಿಯರ ಜೊತೆ ಮೇಲಿದ್ದಳು. ಪಕ್ಕದ ಕಲ್ಲಿನ ಮೇಲೆ ಅವನ ತಂದೆ, ಈಗ ತೀರ ಮುದುಕರು, ತೊಡೆಯ ಮೇಲೆ ನೀರಿನ ಬಾಟ್ಲಿ ಇಟ್ಟುಕೊಂಡು ಬೆಟ್ಟದ ಕಡೆಗೇ ನೋಡುತ್ತ ಕುಳಿತಿದ್ದರು.

ನಾನು ಹೋಗಿ ಕೈ ಮುಗಿದೆ. "ಯಜಮಾನ್ರ, ಅವತ್ತು ನೀವು ಒಂದು ಮಾತು ಕೇಳಿದ್ರಿ. ನಾ ಉತ್ತರ ಕೊಟ್ಟಿದ್ದಿಲ್ಲ" ಎಂದು ಶುರು ಮಾಡಿದೆ. ನಾಡಿ, ಹೃದಯ, ಬೆವರು ಎಲ್ಲ ಹೇಳುವವನಿದ್ದೆ. ಅಷ್ಟರಲ್ಲಿ ಹುಡುಗಿ ಇಳಿದು ಬಂದಳು, ಮುಖ ಕೆಂಪಗೆ, ಏದುಸಿರು, ನಗು. ಮುದುಕರು ನನ್ನ ಮಾತನ್ನು ಅಲ್ಲಿಗೇ ಬಿಟ್ಟು ಬಾಟ್ಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟರು.

"ಹೊಂಟಲ್ಲಿಗೇ ಬಂದ್ಲಲ್ರಿ ಸರ" ಎಂದರು. "ಅಷ್ಟು ಸಾಕು. ಕೂಡ್ರಿ, ನೀವೂ ಒಂದಿಷ್ಟು ನೀರು ಕುಡೀರಿ."